ವಿದ್ಯಾಪೀಠದ ನೆರವೂ ನಮ್ಮ ಕಾರಖಾನೆಗಳೂ

ಇಂಡಿ, ಸಿಂದಗಿ ತಾಲೂಕುಗಳ ಲಿಂಬೆಯೂ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ತೊಗರಿಯೂ ಬಹುಮಟ್ಟಿಗೆ ಬೆಳೆದ ರೂಪದಲ್ಲಿಯೇ ಪೇಟೆಗೆ ಹೋಗುವವು. ಮಾಲು ಒಮ್ಮೆಲೇ ಬಂದಾಗ ಧಾರಣೆಯು ಇಳಿಯುವದು; ಲಿಂಬೆಯಂತೂ ಕೊಳೆತು ಹೋಗುವದು. ಬೇಳೆಯ ಗಿರಣಿಯವರೂ ಉಪ್ಪಿನಕಾಯಿ, ಷರಬತ್ತು ತಯಾರಿಸುವವರೂ ಹೊಸ ಪದಾರ್ಥವನ್ನು ಮಾಡಲಿಚ್ಛಿಸಿದರೆ ವಿದ್ಯಾಪೀಠದ ನೆರವನ್ನು ಹೇಗೆ ಪಡೆಯಬೇಕೆಂಬದನ್ನು ಇಲ್ಲಿ ವಿಚಾರಿಸುವೆವು.

ಮೈಸೂರಿನ ಶ್ರೀಗಂಧದ ಉದಾಹರಣೆಯು ಬೋಧಪ್ರದವಾಗಿದೆ. ಅಲ್ಲಿಯ ಸರಕಾರವು ಮೊದಲು ಗಂಧದ ಕಟ್ಟಿಗೆಯನ್ನು ಹರಾಜಿನಿಂದ ಮಾರುತ್ತಿತ್ತು. ಅದರಲ್ಲಿ ಬಹಳಷ್ಟು ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. ೧೯೧೪ರಲ್ಲಿ ಮಹಾಯುದ್ಧವು ತೊಡಗಲು ಆ ವ್ಯಾಪಾರವು ನಿಂತಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ, ವಾಟ್ಸನ್ ಇವರು ಪ್ರಯೋಗಶಾಲೆಯಲ್ಲಿ ಎಣ್ಣೆ ತೆಗೆದು ತೋರಿಸಿದರು. ೧೯೧೬ರಲ್ಲಿ ಸರಕಾರದ ತಯಾರಿಕೆಯು ಆರಂಭವಾಯಿತು. ಬಳಿಕ ಇಂಗ್ಲಂಡದಲ್ಲಿ ಸಾಬೂನಿನ ವಿದ್ಯೆಯನ್ನು ಕಲಿತು ಬಂದ ಎಸ್. ಜಿ. ಶಾಸ್ತ್ರಿಯವರು ಆ ಎಣ್ಣೆಯಿಂದ ಸಾಬೂನನ್ನು ಸಿದ್ಧಪಡಿಸಿದರು. ಹೀಗೆ ಕಟ್ಟಿಗೆ ಮಾರುತ್ತಿದ್ದವರು ಎಣ್ಣೆ, ಸಾಬೂನು ಮಾಡುವವರಾದರು.

ಲಿಂಬೆಯಲ್ಲಿಯೂ ಇಂಥ ಅವಕಾಶವುಂಟು. ರಸ ಹಿಂಡಿದ ಮೇಲೆ ಚೆಲ್ಲುವ ಸಿಪ್ಪೆಯಲ್ಲಿ ಸುಗಂಧದ ಎಣ್ಣೆಯಿರುವದು. ಆದರೆ ರಸದ ಹುಳಿಯು ತಾಮ್ರವನ್ನು ತಿನ್ನುವದರಿಂದ ಎಂಥ ಪಾತ್ರೆ ಬೇಕು, ಮಣಕ್ಕೆ ಎಷ್ಟು ಎಣ್ಣೆ ಬಂದೀತು, ಖರ್ಚೆಷ್ಟು ಎಂಬಿವನ್ನು ಮೊದಲೇ ತಿಳಿಯಬೇಕು. ಇದಕ್ಕೆ ೨೦೦೮ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯವನ್ನೂ, ತೊಗರಿಯ ವಿಷಯಕ್ಕೆ ೧೯೮೬ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯವನ್ನೂ ಕೇಳಬಹುದು.

ನಡೆಯತಕ್ಕ ಕ್ರಮವು ಹೀಗಿದೆ:

೧. ಬೇಕಾದುದನ್ನು ಒಂದೇ ಸ್ಪಷ್ಟವಾದ ಪ್ರಶ್ನೆಯಾಗಿ ಬರೆದು, ತಮ್ಮ ಮಾಲಿನ ಮಾದರಿಯೊಡನೆ ಕಳುಹತಕ್ಕದ್ದು.

೨. ಅಲ್ಪ ಪ್ರಮಾಣದಲ್ಲಿ ಪ್ರಯೋಗ ಮಾಡಿಸಿ, ಲಾಭನಷ್ಟದ ಲೆಕ್ಕವನ್ನು ನೋಡಿದ ತರುವಾಯವೇ ಯಂತ್ರವನ್ನು ಕೊಳ್ಳತಕ್ಕದ್ದು.

೩. ಕಾರಖಾನೆಯ ಒಬ್ಬ ಜಾಣ ಮೇಸ್ತ್ರಿಯನ್ನು ಪ್ರಯೋಗಶಾಲೆಗೆ ಕಳುಹಿ, ಸ್ವತಃ ಕೈಯಿಂದ ಕೆಲಸ ಕಲಿಸತಕ್ಕದ್ದು. ಇಲ್ಲವಾದರೆ ಪ್ರಾಧ್ಯಾಪಕರು ಮರಳಿದೊಡನೆ ವಿದ್ಯೆಯೂ ಮರಳುವದು.

೪. ಖರ್ಚನ್ನು ಯಾರು ಕೊಡತಕ್ಕದ್ದು, ಹೊಸ ಯುಕ್ತಿಯು ಯಾರದು ಎಂಬುದನ್ನು ಮೊದಲೇ ಕರಾರಿನಲ್ಲಿ ಬರೆಯತಕ್ಕದ್ದು.

ಇವುಗಳಲ್ಲಿ ಮೂರನೆಯದು ಮುಖ್ಯವಾದದ್ದು. ಒಮ್ಮೆ ದೊರೆತ ಉತ್ತರವು ಒಂದು ಕೆಲಸಕ್ಕೆ ಸಾಲುವದು. ಕಲಿತ ಕೈಯು ಮುಂದಿನ ಹತ್ತು ಕೆಲಸಗಳಿಗೆ ಬರುವದು.

ಗೌಡರೂ ಜಮೀನುದಾರರೂ ಇದರಲ್ಲಿ ಭಾಗಿಗಳೇ. ಮಾಲು ಕ್ರಮವಾಗಿ ಬಾರದಿದ್ದರೆ ಎಂಥ ಯಂತ್ರವೂ ಸುಮ್ಮನೆ ನಿಲ್ಲುವದು. ಕಾರಣ ಊರಿನ ಬೆಳೆಗಾರರನ್ನು ಕೂಡಿಸಿ, ಯಾವ ತಿಂಗಳಲ್ಲಿ ಎಷ್ಟು ಹಣ್ಣು ಕೊಡಬಹುದೆಂಬ ಯಾದಿಯನ್ನು ಸಿದ್ಧಪಡಿಸಿ ಕಾರಖಾನೆಯವರ ಕೈಗಿಡುವದು ಅವರ ಮೊದಲ ಕೆಲಸವು.