ಕುದುರೆಯ ಮೇವಿಗೆ ಬ್ರೂವರ್ಸ್ ಯೀಸ್ಟ್: ಖರೀದಿ, ದಾಸ್ತಾನು ಮತ್ತು ತೆರಿಗೆ

ಪಶು ಆಹಾರದ ಪೂರಕ ವಸ್ತುಗಳ ವ್ಯಾಪಾರದಲ್ಲಿ ಬ್ರೂವರ್ಸ್ ಯೀಸ್ಟ್ ಹೊಸ ಸರಕೇನೂ ಅಲ್ಲ. ಕೋಳಿ, ಮೀನು ಹಾಗೂ ಹಾಲಿನ ರಾಸುಗಳ ಆಹಾರದಲ್ಲಿ ಅದರ ಬಳಕೆ ಬಹುಕಾಲದಿಂದ ನಡೆದು ಬಂದಿದೆ. ಕುದುರೆಗೆಂದೇ ಅದನ್ನು ಕೇಳಿ ಬರುವ ಗಿರಾಕಿಗಳ ಸಂಖ್ಯೆ ಮಂಗಳೂರಿನಲ್ಲಿ ಅಲ್ಪವೇ ಸರಿ. ಸವಾರಿ ಕಲಿಸುವವರು, ಮದುವೆ ಮೆರವಣಿಗೆಗೆ ಕುದುರೆ ಒದಗಿಸುವವರು, ಕಡಲತೀರದಲ್ಲಿ ಸವಾರಿ ನಡೆಸುವವರು, ಹವ್ಯಾಸಕ್ಕಾಗಿ ಒಂದೆರಡು ಕುದುರೆ ಸಾಕಿದವರು ಇಷ್ಟೇ. ಆದರೆ ಘಟ್ಟದ ಮೇಲಿನ ಬೇಡಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಬೇರೆಯಾಗುತ್ತದೆ. ಬೆಂಗಳೂರು ಮತ್ತು ಮೈಸೂರಿನ ರೇಸ್ ಲಾಯಗಳು, ಮೈಸೂರಿನ ಅಶ್ವಾರೋಹಿ ಪೊಲೀಸ್ ದಳ, ಟಿಪ್ಪುವಿನ ಕಾಲದ ಹಿನ್ನೆಲೆಯುಳ್ಳ ಕುಣಿಗಲ್ ಅಶ್ವಪಾಲನಾ ಕ್ಷೇತ್ರ ಇವೆಲ್ಲವೂ ಇದೇ ರಾಜ್ಯದಲ್ಲಿವೆ. 1992ರಲ್ಲಿ ಕುಣಿಗಲ್ ಕ್ಷೇತ್ರವನ್ನು ಗುತ್ತಿಗೆಗೆ ಪಡೆದದ್ದು ಬಿಯರ್ ಉದ್ಯಮದ ಯು.ಬಿ. ಸಮೂಹವೇ ಎಂಬುದು ಈ ಸಂದರ್ಭದಲ್ಲಿ ನೆನಪಿಗೆ ಬರುವ ಸ್ವಾರಸ್ಯ. ನಂಜನಗೂಡು, ನೆಲಮಂಗಲಗಳಲ್ಲಿ ಮಾತ್ರವಲ್ಲದೆ ಮಂಗಳೂರಿನಲ್ಲಿಯೂ ಬ್ರೂವರಿ ಇರುವುದರಿಂದ ಕಚ್ಚಾ ಪದಾರ್ಥವೂ ದೂರದ್ದಲ್ಲ.

ಕರಾವಳಿಯವರಿಗೆ ಕುದುರೆಯ ಮೇವೆಂದರೆ ಮೊದಲು ನೆನಪಾಗುವುದು ಹುರುಳಿ, ತುಳುವಿನ ‘ಕುಡು’. ಇಂಗ್ಲಿಷಿನವರು ಅದಕ್ಕೆ ಕುದುರೆಯ ಹೆಸರನ್ನೇ ಇಟ್ಟರು. ಇಲ್ಲಿ ಅದು ಬೇಯಿಸಿ ಕಂಬಳದ ಕೋಣಗಳಿಗೆ ಸಲ್ಲುತ್ತದೆ. ಯೀಸ್ಟ್ ಹುರುಳಿಯ ಸ್ಥಾನಕ್ಕೆ ಬರುವ ವಸ್ತುವಲ್ಲ. ದಿನಕ್ಕೆ ಹಿಡಿಯಷ್ಟು ಮೇವಿಗೆ ಬೆರೆಸುವ ಪೂರಕ ಮಾತ್ರ. ಈ ಅಂತರವನ್ನು ಅರಿಯದೆ ಖರೀದಿಸುವವರೂ ಮಾರುವವರೂ ಇರುವುದರಿಂದಲೇ ಈ ವಿಷಯದ ಅಧ್ಯಯನ ಅಗತ್ಯವಾಗಿದೆ.

ಒಂದೇ ಹೆಸರು, ಎರಡು ಸರಕು

ಬಿಯರ್ ತಯಾರಿಕೆಯಲ್ಲಿ ಬಾರ್ಲಿಯ ಸಕ್ಕರೆಯನ್ನು ಹುದುಗಿಸುವ ಸೂಕ್ಷ್ಮಜೀವಿಯೇ ಯೀಸ್ಟ್. ಕೆಲಸ ಮುಗಿದ ಮೇಲೆ ತೊಟ್ಟಿಯ ತಳದಲ್ಲಿ ಗಂಜಿಯಂತೆ ನಿಲ್ಲುವ ಇದನ್ನು ಬಿಸಿಮಾಡಿ, ಒಣಗಿಸಿ, ಪುಡಿ ಮಾಡಿದರೆ ಬ್ರೂವರ್ಸ್ ಯೀಸ್ಟ್ ಎನಿಸುತ್ತದೆ. ಇದರಲ್ಲಿ ಜೀವವಿಲ್ಲ. ಇದರ ಬೆಲೆ ಇರುವುದು ಪ್ರೋಟೀನು ಮತ್ತು ಬಿ ಗುಂಪಿನ ಜೀವಸತ್ವಗಳಲ್ಲಿ. ಇನ್ನೊಂದು, ಪ್ರತ್ಯೇಕವಾಗಿ ಬೆಳೆಸಿ, ಜೀವ ಉಳಿಯುವಂತೆ ಎಚ್ಚರದಿಂದ ಒಣಗಿಸಿದ ಜೀವಂತ ಯೀಸ್ಟ್. ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ. ನಾರಿನ ಜೀರ್ಣಕ್ರಿಯೆ ಅದರ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳಿಂದ ನಡೆಯುತ್ತದೆ. ಆ ಜೀವಿಗಳಿಗೆ ಅನುಕೂಲವಾಗಲೆಂದು ಜೀವಂತ ಯೀಸ್ಟನ್ನು ಕೊಡುತ್ತಾರೆ. ಇದನ್ನು ಅಳೆಯುವುದು ಪ್ರೋಟೀನಿನಿಂದಲ್ಲ, ಗ್ರಾಮಿಗೆ ಎಷ್ಟು ಜೀವಕೋಶಗಳು ಎಂಬ ಲೆಕ್ಕದಿಂದ. ಒಳ್ಳೆಯ ಸರಕಿನಲ್ಲಿ ಅದು ಗ್ರಾಮಿಗೆ ಸಾವಿರ ಕೋಟಿಯ ಆಸುಪಾಸಿನಲ್ಲಿರುತ್ತದೆ.

ಪೇಟೆಯಲ್ಲಿ ಇವೆರಡನ್ನೂ ‘ಯೀಸ್ಟ್ ಪೌಡರ್’ ಎಂದೇ ಕರೆಯುವುದು ಗೊಂದಲಕ್ಕೆ ಮೂಲ. ಆದುದರಿಂದ ಆದೇಶ ಪತ್ರದಲ್ಲಿಯೇ ಜೀವಂತವೋ ನಿರ್ಜೀವವೋ ಎಂಬುದನ್ನು ಬರೆಯತಕ್ಕದ್ದು. ಜೀವಂತವಾದರೆ ತಳಿಯ ಗುರುತು ಸಂಖ್ಯೆ, ಗ್ರಾಮಿಗೆ ಜೀವಕೋಶಗಳ ಪ್ರಮಾಣ, ಆ ಪ್ರಮಾಣವು ತಯಾರಿಕೆಯ ದಿನದ್ದೋ ಅವಧಿ ಮುಗಿಯುವ ದಿನದ್ದೋ ಎಂಬುದು ಚೀಲದ ಮೇಲೆ ಇರಬೇಕು. ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಒಂದು ಚಮಚ ಹಾಕಿದರೆ ಜೀವಂತ ಯೀಸ್ಟ್ ನೊರೆಗಟ್ಟುತ್ತದೆ, ನಿರ್ಜೀವವಾದುದು ಸುಮ್ಮನೆ ತಳ ಸೇರುತ್ತದೆ. ಇಷ್ಟರಿಂದ ತಳಿ ಯಾವುದೆಂದು ತಿಳಿಯದು. ಆದರೆ ಸತ್ತ ಸರಕನ್ನು ಜೀವಂತದ ಬೆಲೆಗೆ ಕೊಳ್ಳುವುದು ತಪ್ಪುತ್ತದೆ. ಬ್ರೂವರಿಯಿಂದ ನೇರ ತಂದ ಹಸಿ ಯೀಸ್ಟ್ ಅಗ್ಗವೆಂದು ಕುದುರೆಗೆ ಹಾಕುವುದು ಸಲ್ಲದು. ಅದು ಹೊಟ್ಟೆಯಲ್ಲಿ ಹುದುಗಿ ಗಾಳಿ ತುಂಬಿಸುತ್ತದೆ, ಬೇಗನೆ ಕೊಳೆಯುತ್ತದೆ.

ಐವತ್ತು ಗ್ರಾಮಿನ ಲೆಕ್ಕ

ಮಾರಾಟದ ಮಾತುಗಳನ್ನು ಅಂಕಿಗಳಿಗೆ ಇಳಿಸಿ ನೋಡುವುದು ಒಳ್ಳೆಯದು. 500 ಕಿಲೋ ತೂಕದ ಕುದುರೆಗೆ ದಿನಕ್ಕೆ 50 ಗ್ರಾಂ ನಿರ್ಜೀವ ಯೀಸ್ಟ್ ಕೊಟ್ಟಿತೆಂದು ಇಟ್ಟುಕೊಳ್ಳೋಣ. ಪ್ರೋಟೀನು ನೂರಕ್ಕೆ 45 ಇದ್ದರೆ ದೊರೆಯುವುದು ಸುಮಾರು 22 ಗ್ರಾಂ. ದುಡಿಮೆಯಿಲ್ಲದ ಕುದುರೆಗೂ ದಿನಕ್ಕೆ 600 ಗ್ರಾಮಿಗಿಂತ ಹೆಚ್ಚು ಪ್ರೋಟೀನು ಬೇಕು. ಅಂದರೆ ಯೀಸ್ಟಿನ ಪಾಲು ನೂರಕ್ಕೆ ನಾಲ್ಕನ್ನೂ ಮುಟ್ಟದು. ಗೊರಸು ಗಟ್ಟಿಯಾಗಲು ಯೀಸ್ಟ್ ಒಳ್ಳೆಯದು ಎಂಬ ಮಾತು ಅದರಲ್ಲಿರುವ ಬಯೋಟಿನ್‌ನಿಂದ ಹುಟ್ಟಿದ್ದು. ಗೊರಸಿನ ಮೇಲೆ ಪರಿಣಾಮ ಕಂಡಿರುವುದು ದಿನಕ್ಕೆ ಸುಮಾರು 20 ಮಿಲಿಗ್ರಾಂ ಬಯೋಟಿನನ್ನು ಹಲವು ತಿಂಗಳು ಕೊಟ್ಟಾಗ. ಯೀಸ್ಟಿನಲ್ಲಿರುವುದು ಕಿಲೋಗೆ ಸುಮಾರು 1 ಮಿಲಿಗ್ರಾಂ. ಆ ಪ್ರಮಾಣ ಮುಟ್ಟಲು ಕುದುರೆ ದಿನಕ್ಕೆ 20 ಕಿಲೋ ಯೀಸ್ಟ್ ತಿನ್ನಬೇಕಾದೀತು! ಗೊರಸಿಗೆಂದೇ ಕೊಳ್ಳುವವರು ಬಯೋಟಿನನ್ನೇ ಕೊಳ್ಳುವುದು ಲೇಸು. ಬಿ12 ಜೀವಸತ್ವವೂ ಬೇರೆಯಾಗಿ ಸೇರಿಸದ ಹೊರತು ಯೀಸ್ಟಿನಲ್ಲಿ ಇರುವುದಿಲ್ಲ.

ಹಾಗಾದರೆ ಕೊಡುವುದೇಕೆ? ಒಣಹುಲ್ಲು, ಗೋಧಿ ಬೂಸಾಗಳಿಗೆ ಸೀಮಿತವಾದ ಮೇವಿನಲ್ಲಿ ಕಡಮೆ ಬೀಳುವ ಲೈಸಿನ್ ಎಂಬ ಅಮೈನೋ ಆಮ್ಲ ಯೀಸ್ಟಿನಲ್ಲಿ ಚೆನ್ನಾಗಿದೆ, ಥಯಮಿನ್ ಕೂಡ ಇದೆ. ಮೇವು ತಿನ್ನಲು ಮುಖ ತಿರುಗಿಸುವ ಕುದುರೆಗೆ ರುಚಿಯನ್ನೂ ಕೊಡುತ್ತದೆ. ಇಷ್ಟು ಹೇಳಿ ಮಾರುವುದು ನ್ಯಾಯವಾದ ವ್ಯಾಪಾರ.

ಬೆಲೆಯನ್ನು ಕಿಲೋ ಲೆಕ್ಕದಲ್ಲಲ್ಲ, ಒಳಗಿನ ಸತ್ವದ ಲೆಕ್ಕದಲ್ಲಿ ಹೋಲಿಸಬೇಕು. ಉದಾಹರಣೆಗೆ, ಕಿಲೋಗೆ 180 ರೂಪಾಯಿಯ ಸರಕಿನಲ್ಲಿ ಪ್ರೋಟೀನು ನೂರಕ್ಕೆ 45 ಇದ್ದರೆ ಒಂದು ಕಿಲೋ ಪ್ರೋಟೀನಿಗೆ ಬೀಳುವುದು 400 ರೂಪಾಯಿ. ತೌಡು ಅಥವಾ ಜೋಳದ ಹಿಟ್ಟು ಬೆರೆತು ನೂರಕ್ಕೆ 32ಕ್ಕೆ ಇಳಿದ ಸರಕು 150 ರೂಪಾಯಿಗೆ ದೊರೆತರೂ ಪ್ರೋಟೀನಿನ ಬೆಲೆ ಸುಮಾರು 469 ರೂಪಾಯಿ. ಅಗ್ಗವೆನಿಸಿದ್ದೇ ದುಬಾರಿಯಾಯಿತು. ಪ್ರಯೋಗಾಲಯದ ಪ್ರೋಟೀನು ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸಾಮಾನ್ಯ ಪರೀಕ್ಷೆ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನು ಎನ್ನುತ್ತಾರೆ. ಯೂರಿಯಾ ಬೆರೆಸಿದರೂ ಈ ಅಂಕಿ ಏರುತ್ತದೆ. ಆದುದರಿಂದ ಯೂರಿಯಾ ಪರೀಕ್ಷೆಯ ವರದಿಯನ್ನು ಪ್ರತ್ಯೇಕವಾಗಿ ಕೇಳತಕ್ಕದ್ದು. ಒಳ್ಳೆಯ ಯೀಸ್ಟಿನ ಬಣ್ಣ ತಿಳಿಕಂದು, ವಾಸನೆ ಬ್ರೆಡ್ಡಿನದು. ಕಡುಕಂದು ಬಣ್ಣ ಒಣಗಿಸುವಾಗ ಸುಟ್ಟದ್ದರ ಗುರುತು. ಅಂಥದರಲ್ಲಿ ಲೈಸಿನ್ ಹಾಳಾಗಿರುತ್ತದೆ.

ಕೋಳಿ ಆಹಾರದ ಉಗ್ರಾಣದಿಂದ ಬರುವ ಅಪಾಯ

ಇದುವರೆಗಿನದು ಹಣದ ನಷ್ಟದ ಮಾತು. ಮುಂದಿನದು ಪ್ರಾಣದ್ದು. ಕೋಳಿಗಳ ರಕ್ತಭೇದಿ ರೋಗ ತಡೆಯಲು ಅವುಗಳ ಆಹಾರಕ್ಕೆ ಮೊನೆನ್ಸಿನ್, ಸ್ಯಾಲಿನೋಮೈಸಿನ್ ಮೊದಲಾದ ಔಷಧಗಳನ್ನು ಬೆರೆಸುವುದುಂಟು. ಕೋಳಿ ಸಹಿಸುವ ಈ ಔಷಧ ಕುದುರೆಯ ಹೃದಯದ ಸ್ನಾಯುವನ್ನೇ ನಾಶಮಾಡುತ್ತದೆ. ಕೋಳಿಯಲ್ಲಿ ಮಾರಕ ಪ್ರಮಾಣ ದೇಹತೂಕದ ಕಿಲೋಗೆ ಸುಮಾರು 200 ಮಿಲಿಗ್ರಾಂ ಮೊನೆನ್ಸಿನ್; ಕುದುರೆಯಲ್ಲಿ ಕೇವಲ 2 ರಿಂದ 3. ಅಂದರೆ 500 ಕಿಲೋದ ಕುದುರೆಗೆ ಒಂದೂವರೆ ಗ್ರಾಂ ಸಾಕಾದೀತು. ನೂರಕ್ಕೆ 20ರ ಸಾಂದ್ರತೆಯ ಮಿಶ್ರಣವಾದರೆ ಏಳೆಂಟು ಗ್ರಾಂ, ಎಂದರೆ ಒಂದೆರಡು ಚಮಚ. ಇದಕ್ಕೆ ಪ್ರತಿವಿಷವಿಲ್ಲ. ಬದುಕಿ ಉಳಿದ ಕುದುರೆಯೂ ಮತ್ತೆ ಸವಾರಿಗೆ ಬಾರದಿರಬಹುದು.

ಯೀಸ್ಟಿನ ವ್ಯಾಪಾರಕ್ಕೂ ಇದಕ್ಕೂ ಸಂಬಂಧವೇನೆಂದರೆ, ದೊಡ್ಡ ಚೀಲವನ್ನು ಬಿಡಿಸಿ ಸಣ್ಣ ಪೊಟ್ಟಣ ಕಟ್ಟುವ ಕೆಲಸ ಬಹುತೇಕ ನಡೆಯುವುದು ಕೋಳಿ ಆಹಾರದ ಉಗ್ರಾಣಗಳಲ್ಲಿಯೇ. ಅದೇ ತಕ್ಕಡಿ, ಅದೇ ಸೇರು, ಅದೇ ಮಿಶ್ರಣ ಯಂತ್ರ, ಕೆಲವೊಮ್ಮೆ ಝಾಡಿಸಿ ಮರುಬಳಸಿದ ಅದೇ ಚೀಲ. ಕುದುರೆಗೆ ಮಾರುವ ಯೀಸ್ಟನ್ನು ತಯಾರಕರು ಮುದ್ರೆಯೊತ್ತಿದ ಮೂಲ ಪೊಟ್ಟಣದಲ್ಲಿಯೇ ಮಾರಬೇಕು. ಬಿಡಿಯಾಗಿ ತೂಗಿ ಕೊಡಲೇಬಾರದು. ಖರೀದಿದಾರರೂ ಬಿಡಿ ಸರಕನ್ನು ಒಪ್ಪಬಾರದು. ಉಳಿದ ಎಲ್ಲ ಸೂಚನೆಗಳನ್ನು ಮರೆತರೂ ಇದೊಂದನ್ನು ಮರೆಯಲಾಗದು. ರೇಸ್ ಕುದುರೆಗಳಿಗೆ ಸರಬರಾಜು ಮಾಡುವವರಿಗಂತೂ ನಿಷೇಧಿತ ವಸ್ತುಗಳ ಪರೀಕ್ಷೆಯ ಭಯವೂ ಇದೆ. ಪ್ರತಿ ತಂಡದ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸುವುದು ಇಬ್ಬರಿಗೂ ರಕ್ಷಣೆ.

ಮಳೆಗಾಲದ ದಾಸ್ತಾನು

ಮಂಗಳೂರಿನ ವಾರ್ಷಿಕ ಮಳೆ 3,500 ಮಿಲಿಮೀಟರ್ ಮೀರುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಣ ಯೀಸ್ಟ್ ಗಾಳಿಯ ತೇವವನ್ನು ಉಪ್ಪಿನಂತೆ ಎಳೆದುಕೊಳ್ಳುತ್ತದೆ. ತೇವಾಂಶ ನೂರಕ್ಕೆ 8ರ ಒಳಗಿದ್ದರೆ ಕ್ಷೇಮ, 12 ದಾಟಿದರೆ ಬೂಸ್ಟು ನಿಶ್ಚಯ. ಬಂದರಿನ ಅಡಿಕೆ, ಗೇರುಬೀಜದ ವರ್ತಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೀಲಗಳು ಮರದ ಹಲಗೆಯ ಮೇಲಿರಬೇಕು, ಗೋಡೆಯಿಂದ ಒಂದೂವರೆ ಅಡಿ ದೂರವಿರಬೇಕು. ಮಳೆಗಾಲದಲ್ಲಿ ಗಾಳಿಯಾಡಲೆಂದು ಕಿಟಕಿ ತೆರೆದಿಡುವುದು ತೇವವನ್ನು ಒಳಗೆ ಕರೆದಂತೆ. ಮೀನಿನ ಹುಡಿ, ಗೊಬ್ಬರ, ಕೀಟನಾಶಕಗಳ ನೆರೆ ಬೇಡ. ಇಲಿ ಕಚ್ಚಿದ ಚೀಲವನ್ನು ಹೊಲಿದು ಮಾರಕೂಡದು. ತೆರೆದ ಪೊಟ್ಟಣದ ಸರಕು ಬಿಗಿ ಮುಚ್ಚಳದ ಡಬ್ಬಕ್ಕೆ ಹೋಗಬೇಕು. ಜೀವಂತ ಯೀಸ್ಟಿಗೆ ಸೆಕೆಯೂ ಶತ್ರು. ತಗಡಿನ ಮಾಡಿನ ಕೆಳಗೆ ಏಪ್ರಿಲ್ ಕಳೆದ ಸರಕಿನ ಜೀವಕೋಶಗಳ ಲೆಕ್ಕ ಚೀಲದ ಮೇಲಿನ ಲೆಕ್ಕವಾಗಿ ಉಳಿಯುವುದಿಲ್ಲ.

ಒಂದೇ ಕುದುರೆ ಇರುವವರು 25 ಕಿಲೋ ಚೀಲ ಕೊಂಡರೆ, ದಿನಕ್ಕೆ 50 ಗ್ರಾಮಿನಂತೆ ಅದು 500 ದಿನ ಬರುತ್ತದೆ. ನಡುವೆ ಕನಿಷ್ಠ ಒಂದು ಮಳೆಗಾಲ ಬಂದೇ ಬರುತ್ತದೆ. ದೊಡ್ಡ ಚೀಲದಲ್ಲಿ ಉಳಿಸಿದ ಹಣ ಬೂಸ್ಟಿಗೆ ಹೋಗುತ್ತದೆ. ಇಂಥವರಿಗೆ ಒಂದೆರಡು ಕಿಲೋದ ಪೊಟ್ಟಣವೇ ತಕ್ಕದ್ದು. ವರ್ತಕರೂ ಮೇ ತಿಂಗಳಲ್ಲಿ ದಾಸ್ತಾನು ಏರಿಸದೆ, ಮೊದಲು ಬಂದದ್ದು ಎಂಬುದಕ್ಕಿಂತ ಮೊದಲು ಅವಧಿ ಮುಗಿಯುವುದು ಎಂಬ ಕ್ರಮದಲ್ಲಿ ಸರಕು ಹೊರಗೆ ಕಳುಹಿಸಬೇಕು.

ಜಿ.ಎಸ್.ಟಿ. ಶೀರ್ಷಿಕೆ

ಯೀಸ್ಟ್, ಜೀವಂತವಿರಲಿ ನಿರ್ಜೀವವಿರಲಿ, 2102ನೇ ಶೀರ್ಷಿಕೆಗೆ ಸೇರುತ್ತದೆ. 2017ರಿಂದ ನೂರಕ್ಕೆ 12 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದಿದೆ. ಬ್ರೂವರಿಯಲ್ಲಿ ಉಳಿಯುವ ಬಾರ್ಲಿಯ ಹಿಂಡಿ ಬೇರೆಯೇ ಸರಕು. ಅದು 2303ಕ್ಕೆ ಸೇರಿ ನೂರಕ್ಕೆ 5 ತೆರಿಗೆಗೆ ಒಳಪಡುತ್ತದೆ ಎಂದು 2021ರ ಅಕ್ಟೋಬರ್ 6ರ ಸುತ್ತೋಲೆ ಸ್ಪಷ್ಟಪಡಿಸಿದೆ. ಯೀಸ್ಟನ್ನು ಇತರ ವಸ್ತುಗಳೊಡನೆ ಬೆರೆಸಿ ಪ್ರಾಣಿಗಳ ಆಹಾರವೆಂದೇ ಸಿದ್ಧಪಡಿಸಿದರೆ 2309ರ ಪ್ರಶ್ನೆ ಏಳುತ್ತದೆ. ಪ್ರಾಣಿಗಳಿಗೆ ಮಾತ್ರ ಉಪಯೋಗಕ್ಕೆ ಬರುವ, ಸಾಮಾನ್ಯ ಬಳಕೆಗೆ ಒದಗದ ವಸ್ತುಗಳಷ್ಟೇ ಅಲ್ಲಿಗೆ ಸಲ್ಲುತ್ತವೆ ಎಂಬುದು 2018ರ ಡಿಸೆಂಬರ್ 31ರ ಸುತ್ತೋಲೆಯ ನಿಲುವು.

ತೆರಿಗೆ ವಿನಾಯಿತಿಯ ನಮೂದು ಜಲಚರ, ಕೋಳಿ ಮತ್ತು ಜಾನುವಾರು ಆಹಾರವನ್ನು ಹೆಸರಿಸುತ್ತದೆ. ಕುದುರೆಯ ಹೆಸರು ಅದರಲ್ಲಿಲ್ಲ. ಪಶು ಆಹಾರವೆಂದು ಬಿಲ್ಲಿನಲ್ಲಿ ಬರೆದು ತೆರಿಗೆ ಬಿಡುವ ಪರಿಪಾಠ ಅಪಾಯಕಾರಿ. ವರ್ಷಗಳ ಬಳಿಕ ನೋಟೀಸು ಬಂದಾಗ ತೆರಿಗೆಯ ಜೊತೆಗೆ ನೂರಕ್ಕೆ 18ರ ಬಡ್ಡಿಯನ್ನೂ ವರ್ತಕರೇ ತೆರಬೇಕು, ಗಿರಾಕಿಯಿಂದ ವಸೂಲು ಮಾಡುವ ಕಾಲ ಆಗ ಮೀರಿರುತ್ತದೆ. ಸಂದೇಹವಿದ್ದರೆ ಕಾಯಿದೆಯ 97ನೇ ಕಲಮಿನಂತೆ ಮುಂಗಡ ತೀರ್ಪು ಕೋರುವ ದಾರಿ ಇದೆ. ವಿನಾಯಿತಿ ಸಿಕ್ಕಿದರೂ ಖರೀದಿಯ ಮೇಲಿನ ತೆರಿಗೆ ಜಮೆ ದೊರೆಯದೆ ವೆಚ್ಚಕ್ಕೆ ಸೇರುತ್ತದೆ ಎಂಬುದನ್ನು ಬೆಲೆ ನಿಗದಿಯಲ್ಲಿ ಗಮನಿಸಬೇಕು. ಮಳೆಗಾಲದಲ್ಲಿ ಬೂಸ್ಟು ಹಿಡಿದು ಎಸೆದ ಸರಕಿಗೂ ಇದೇ ಗತಿ: 17(5)(ಎಚ್) ಕಲಮಿನ ಪ್ರಕಾರ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಪಡೆದ ಜಮೆಯನ್ನು ಹಿಂತಿರುಗಿಸತಕ್ಕದ್ದು. ನಾಶದ ದಿನಾಂಕ, ತಂಡದ ಸಂಖ್ಯೆ ಮತ್ತು ತೂಕವನ್ನು ದಾಸ್ತಾನು ಪುಸ್ತಕದಲ್ಲಿ ಅಂದೇ ಬರೆದಿಟ್ಟರೆ ವರ್ಷಾಂತ್ಯದ ಲೆಕ್ಕಪರಿಶೋಧನೆಯ ವೇಳೆ ತಡಕಾಡುವ ಪ್ರಮೇಯ ಬಾರದು.