ಊರ ಹೆಸರಿನ ಮಾತ್ರೆ: ಗಮಕ ಕಲಿಸುತ್ತಾ ಕಂಡುಕೊಂಡದ್ದು

1. ಲಿಪಿಗಿಂತ ಮೊದಲು ಕಿವಿ. ಬೆಳ್ತಂಗಡಿ ಎಂಬುದನ್ನು ನಾವು ಬರೆಯುವುದು ಬೆ–ಳ್ತಂ–ಗ–ಡಿ ಎಂದು. ಬಾಯಿ ಕಡಿಯುವುದು ಬೆಳ್–ತಂ–ಗ–ಡಿ ಎಂದು. ಒತ್ತಕ್ಷರದ ಹಿಂದಿನದು ಗುರು ಎಂಬ ಸೂತ್ರವನ್ನು ಬಾಯಿಪಾಠ ಮಾಡಿಸುವ ಬದಲು ಈ ಹೆಸರನ್ನು ಬೆಂಚಿನ ಮೇಲೆ ತಟ್ಟಿಸುತ್ತೇನೆ. ‘ಬೆಳ್’ಗೆ ಎರಡು ಮಾತ್ರೆ ಬೇಕೆಂದು ಮಕ್ಕಳ ಕೈಗೇ ಗೊತ್ತಾಗುತ್ತದೆ.

2. ಹೆಸರು ಸವೆದರೂ ಮಾತ್ರೆ ಸವೆಯುವುದಿಲ್ಲ. ಮೂಡುಬಿದಿರೆ: ಮೂಡು ಮೂರು, ಬಿದಿರೆ ಮೂರು. ಬಸ್ಸಿನಲ್ಲಿ ಕೇಳುವ ಮೂಡಬಿದ್ರೆಗೂ ಆರೇ ಮಾತ್ರೆ. ಮನೆಯಲ್ಲಿ ತುಳುವಾಡುವ ಮಕ್ಕಳು ‘ಬೆದ್ರ’ ಎನ್ನುತ್ತಾರೆ. ಅದೂ ಬಿದಿರೆಯ ಹಾಗೆ ಮೂರು. ಆಡುಮಾತನ್ನು ತಿದ್ದಿಸುವ ಆತುರ ನನಗಿಲ್ಲ. ಛಂದಸ್ಸಿನ ಲೆಕ್ಕ ಈ ಮಕ್ಕಳ ನಾಲಗೆಯ ಮೇಲೆ ಆಗಲೇ ಇದೆ.

3. ಗಣದ ಗಡಿ ಬೇರೆ, ಪದದ ಗಡಿ ಬೇರೆ. ಭಾಮಿನಿ ಷಟ್ಪದಿಯದು ಮೂರು–ನಾಲ್ಕರ ನಡೆ. ‘ಮೂಡುಬಿದಿರೆಯ’ ಅದರಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಸಮಾಸ ಬೆಸೆದಲ್ಲೇ ಗಣ ಮುಗಿಯುತ್ತದೆ. ‘ಬೆಳ್ತಂಗಡಿಯ’ ಹಾಗಲ್ಲ. ಅದು ನಾಲ್ಕರ ಗಣದಿಂದಲೇ ಹೊರಡಬೇಕು: ಬೆಳ್ತಂ–ಗಡಿಯ. ಒಳಗಿರುವ ಅಂಗಡಿ ಎರಡು ಹೋಳು! ಕುಮಾರವ್ಯಾಸನನ್ನು ಓದುವಾಗ ಇಂಥದ್ದು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಗಣ ಮುಗಿದಲ್ಲೆಲ್ಲ ನಿಲ್ಲಿಸಿದರೆ ಅರ್ಥ ಚೂರಾಗುತ್ತದೆ, ಪದಕ್ಕೆ ಪದ ಬಿಡಿಸಿದರೆ ನಡೆ ಮುಗ್ಗರಿಸುತ್ತದೆ. ಲಯವನ್ನು ಬೆರಳಿಗೆ ಒಪ್ಪಿಸಿ, ಪದಚ್ಛೇದವನ್ನು ದನಿಗೆ ಬಿಡಿ. ಇದು ಹಿಡಿತಕ್ಕೆ ಬರಲು ವರ್ಷಗಳೇ ಬೇಕು, ಅವಸರ ಬೇಡ.

4. ಸಮಾಸದ ನಡುವೆ ಬಿಡುವು ಕೊಟ್ಟರೆ ಮಾತ್ರೆ ಸೋರುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮೂಲನಾಯಕ ಚಂದ್ರಪ್ರಭ. ಒಟ್ಟಿಗೆ ಹೇಳಿದಾಗ ‘ಪ್ರ’ದ ಒತ್ತಿನಿಂದ ‘ದ್ರ’ ಗುರುವಾಗಿ ಆರು ಮಾತ್ರೆ. ಚಂದ್ರ, ಪ್ರಭ ಎಂದು ಬಿಡಿಸಿದರೆ ಐದೇ. ಡಚ್ಚಿನಂಥ ಭಾಷೆಗಳಲ್ಲಿ ಸಮಾಸದ ಮೊದಲ ಪದವನ್ನು ಒತ್ತಿ ನುಡಿಯುವುದು ವಾಡಿಕೆ. ನಮ್ಮ ಪದ್ಯದಲ್ಲಿ ಎಣಿಕೆಗೆ ಬರುವುದು ಅಕ್ಷರದ ಉದ್ದ, ದನಿಯ ಏರಲ್ಲ.

5. ಉದ್ದದ ಸಮಾಸವನ್ನು ಬಾಲದಿಂದ ಕಲಿಸಿ. 1430ರಲ್ಲಿ ಕಟ್ಟಿದ ಅದೇ ಬಸದಿಗೆ ‘ತ್ರಿಭುವನತಿಲಕಚೂಡಾಮಣಿ’ ಎಂಬ ಹೆಸರಿದೆ. ಮೊದಲು ಚೂಡಾಮಣಿ, ಆಮೇಲೆ ತಿಲಕಚೂಡಾಮಣಿ, ಕೊನೆಗೆ ಪೂರ್ತಿ. ಮೊದಲ ಏಳು ಲಘುಗಳಲ್ಲಿ ಮಕ್ಕಳು ಓಡುತ್ತಾರೆ. ‘ಚೂಡಾ’ ಮೊದಲೇ ಬಾಯಲ್ಲಿ ಕೂತಿದ್ದರೆ ಅಲ್ಲಿಗೆ ಬಂದು ತಾವಾಗಿ ನಿಧಾನವಾಗುತ್ತಾರೆ.