ತವರಿನ ಸಂಪಿಗೆ ನಮ್ಮ ಅಂಗಳಕ್ಕೆ

ಪ್ರಶ್ನೆ: ತವರುಮನೆಯ ಹಳೆಯ ಕೆಂಡಸಂಪಿಗೆ ಮರದ ರೆಂಬೆ ತಂದು ಮೂರು ಸಲ ನೆಟ್ಟೆ. ಮೂರೂ ಸಲ ಒಣಗಿತು. ಆ ಮನೆ ಮುಂದಿನ ವರ್ಷ ಮಾರಾಟವಾಗಲಿದೆ. ಏನು ಮಾಡಲಿ?

ಉತ್ತರ: ರೆಂಬೆ ನೆಡುವುದನ್ನು ಬಿಡಿ. ದಾಸವಾಳದಷ್ಟು ಸುಲಭವಾಗಿ ಸಂಪಿಗೆಯ ರೆಂಬೆ ಬೇರು ಬಿಡುವುದಿಲ್ಲ; ತಪ್ಪು ನಿಮ್ಮದಲ್ಲ.

ಮುಂಗಾರು ಶುರುವಾಗುತ್ತಿದ್ದಂತೆ ಮರದಲ್ಲೇ ಗೂಟಿ ಕಟ್ಟಿ, ಅಂದರೆ ರೆಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ. ಪೆನ್ಸಿಲ್‌ಗಿಂತ ತುಸು ದಪ್ಪದ, ರೋಗವಿಲ್ಲದ ರೆಂಬೆಯಲ್ಲಿ ಒಂದು ಅಂಗುಲ ಅಗಲ ಸುತ್ತಲೂ ತೊಗಟೆ ತೆಗೆಯಿರಿ. ಒಳಗಿನ ಲೋಳೆ ಪದರವನ್ನು ಚೆನ್ನಾಗಿ ಕೆರೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಅದು ಉಳಿದರೆ ಗಾಯ ಮಾಯ್ದು ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ಮೇಲಂಚಿಗೆ ಬೇರು ಬರಿಸುವ ಪುಡಿ ಸವರಿ, ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ ಇಟ್ಟು, ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡೂ ತುದಿ ಬಿಗಿಯಿರಿ. ಐದಾರು ರೆಂಬೆಗೆ ಕಟ್ಟಿ, ಎಲ್ಲವೂ ಹಿಡಿಯುವುದಿಲ್ಲ. ಎರಡು ಮೂರು ತಿಂಗಳಲ್ಲಿ ಹಾಳೆಯೊಳಗೆ ಬೇರು ಕಂಡರೆ ಅದರ ಕೆಳಗೆ ಕತ್ತರಿಸಿ, ಕುಂಡದಲ್ಲಿ ನೆರಳಲ್ಲಿ ಬೆಳೆಸಿ.

ಜೊತೆಗೆ ಬೀಜವನ್ನೂ ಬಿತ್ತಿ. ಕಾಯಿ ಬಿರಿದಾಗ ಹಕ್ಕಿಗಳಿಗಿಂತ ಮೊದಲೇ ಕಿತ್ತು, ಬೀಜದ ಮೇಲಿನ ಕೆಂಪು ತಿರುಳನ್ನು ಮರಳಿನಲ್ಲಿ ಉಜ್ಜಿ ತೊಳೆದು ಕೂಡಲೇ ಬಿತ್ತಿ. ಒಣಗಿಸಿಟ್ಟರೆ ಮೊಳಕೆಯ ಶಕ್ತಿ ಹೋಗುತ್ತದೆ. ಬೀಜದ ಗಿಡ ಹೂ ಬಿಡಲು ಹಲವು ವರ್ಷ ಬೇಕು, ಹೂವಿನ ಬಣ್ಣವೂ ತಾಯಿಮರದಂತೆಯೇ ಇರಬೇಕೆಂದಿಲ್ಲ.

ಗೂಟಿ ಒಂದೂ ಹಿಡಿಯದಿದ್ದರೆ ಮನೆ ಕೈಬಿಡುವ ಮೊದಲೇ ಕಸಿ ಕಟ್ಟಬಲ್ಲ ನರ್ಸರಿಯವರನ್ನೋ ತಾಲ್ಲೂಕಿನ ತೋಟಗಾರಿಕೆ ಇಲಾಖೆಯನ್ನೋ ಕಾಣಿ. ಮರದ ಕುಡಿಯನ್ನು ಸಂಪಿಗೆ ಸಸಿಗೆ ಕಸಿ ಮಾಡಿದರೆ ಅದೇ ಹೂ ಬೇಗ ಸಿಗುತ್ತದೆ.